ಬಾಣಂತಿಗೆ ಹಾಕಿದ ನೀರು

ಬಾಣಂತಿಗೆ ನೀರು ಹಾಕುವುದರಲ್ಲಿ ಬೆಟ್ಟಮ್ಮನನ್ನು ಮೀರಿಸುವವರು ಹೊಂಗಡಹಳ್ಳದ ಸುತ್ತಮುತ್ತ ಇರಲಿಲ್ಲ. ಹಾಗೆಂದು ಊರವರೇನೂ ಹೇಳಿರಲಿಲ್ಲ, ಬೆಟ್ಟಮ್ಮನೇ ಹೇಳಿಕೊಳ್ಳುತ್ತಿದ್ದಳು. ಉಣ್ಣಿಸುವುದು, ಮಲಗಿಸುವುದು ಯಾರಾದರೂ ಮಾಡಿಯಾರು. ಕೈ ತಾಳದಷ್ಟು ಬಿಸಿ ನೀರನ್ನು ಬೆನ್ನಿಗೆ, ಸೊಂಟಕ್ಕೆ ಚೊಂಬಿನಿಂದ ಬೀಸಿ ಹೊಡೆದು, ಹಂಡೆ ಬರಿದಾದರೆ ಮತ್ತೆ ತುಂಬಿಸಿ ಕಾಯಿಸಿ ಹಾಕಿದರೆ ಮಾತ್ರ ಅವಳ ಪ್ರಕಾರ ಬಾಣಂತನ. ಉಳಿದದ್ದೆಲ್ಲ ಆಸ್ಪತ್ರೆಯವರ ಶಾಸ್ತ್ರ.

ಒಬ್ಬಳೇ ಮಗಳು ನವ್ಯಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡುಮಗು, ಆಪರೇಷನ್ ಹೆರಿಗೆ. ಹೊಲಿಗೆ ಒಣಗಲಿ ಎಂದು ಡಾಕ್ಟರು ಹೇಳಿದಷ್ಟು ದಿನ ಬೆಟ್ಟಮ್ಮ ಹಲ್ಲು ಕಚ್ಚಿಕೊಂಡು ಕಾದಳು. ಆಮೇಲೆ ಶುರುವಾಯಿತು ನೋಡಿ. ಬೆಳಗಾದರೆ ಮಗಳಿಗೆ ನೀರು, ಮೊಮ್ಮಗನಿಗೆ ನೀರು, ಇಬ್ಬರ ಬಟ್ಟೆಗೆ ನೀರು. ಒಲೆ ಆರುವುದಿಲ್ಲ, ಬಚ್ಚಲು ಒಣಗುವುದಿಲ್ಲ. ಆಗ ಕಾಫಿ ಕುಯ್ಲಿನ ಕಾಲ. "ಹಣ್ಣು ಉದುರ್ತಾ ಐತೆ, ಒಂದು ಗಳಿಗೆ ತೋಟದ ಕಡೆ ಬಾರೆ" ಎಂದು ಗಂಡ ರಂಗಸ್ವಾಮಿ ಕರೆದರೆ, "ಕಾಫಿ ವರ್ಷಾ ವರ್ಷಾ ಬತ್ತದೆ, ಮೊಮ್ಮಗ ಬತ್ತಾನಾ?" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೆ ಬೇಕಾಗಿದ್ದು ಒಂದೇ. ಮಗಳು ಮೂರು ತಿಂಗಳು ತುಂಬುವವರೆಗೆ ತನ್ನ ಕೈಕೆಳಗಿರಬೇಕು, ಮೈ ತುಂಬಿಕೊಂಡು ಗಂಡನ ಮನೆಗೆ ಹೋಗಬೇಕು. ತಾಯಿಯಿಲ್ಲದ ಬೆಟ್ಟಮ್ಮನಿಗೆ ಬಾಣಂತನವೇ ಆಗಿರಲಿಲ್ಲ. ಹಸಿ ಮೈಯಲ್ಲೇ ಸೌದೆ ಹೊತ್ತವಳು. ಸೊಂಟ ಹಿಡಿದುಕೊಂಡಾಗಲೆಲ್ಲ ಆ ಹೊಟ್ಟೆಯುರಿ ಎದ್ದು ಬರುತ್ತಿತ್ತು. ತನಗಾಗದ್ದು ಮಗಳಿಗಾಗಲಿ ಎಂಬ ಹಟ.

ಡಿಸೆಂಬರ್ ನಡುವಿನ ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ನೀರು ಇಳಿಯದೆ ನಿಂತಿತು. ಮಾರನೆಯ ದಿನ ಬಚ್ಚಲ ತೂಬಿನಿಂದ ಗುಳುಗುಳು ಸದ್ದು ಬಂದು, ಹೋಗಬೇಕಾದ್ದು ಹೋಗುವ ಬದಲು ಹೋಗಿದ್ದೇ ವಾಪಸು ಬಂತು. ನಾತದ ಮಾತು ಬೇಡ, ಅನ್ನ ಉಣ್ಣುವವರು ಓದುತ್ತಿರಬಹುದು. ರಂಗಸ್ವಾಮಿ ಹಿತ್ತಲಿನಲ್ಲಿದ್ದ ಕಕ್ಕಸಿನ ಟ್ಯಾಂಕಿನ ಚಪ್ಪಡಿ ಸರಿಸಿ ನೋಡಿದ. ಬಾಯಿಮಟ್ಟ ತುಂಬಿತ್ತು.

ತುಂಬದೆ ಏನು ಮಾಡೀತು? ಮಗಳ ಮದುವೆಗೆ ಮುಂಚೆ ಮನೆಯೊಳಗೇ ಕಕ್ಕಸು ಕಟ್ಟಿಸಿದಾಗ, ಬಚ್ಚಲ ನೀರು ಮೊದಲಿನಂತೆ ಬಾಳೆಗಿಡದ ಬುಡಕ್ಕೇ ಹೋಗಲಿ ಎಂದು ಗಾರೆಯವನು ಬಡಕೊಂಡಿದ್ದ. "ಆಲೂರಿಂದ ಬೀಗ್ರು ಬರೋ ಮನೆ. ಹಿತ್ತಲಾಗೆ ಕೊಚ್ಚೆ ಹರೀಬೇಕಾ?" ಎಂದು ಬೆಟ್ಟಮ್ಮನೇ ಪಟ್ಟು ಹಿಡಿದು ಎರಡನ್ನೂ ಒಂದೇ ಟ್ಯಾಂಕಿಗೆ ಸೇರಿಸಿದ್ದಳು. ಗಂಡ ಹೆಂಡತಿ ಇಬ್ಬರ ಸ್ನಾನವನ್ನು ಆ ಪುಟ್ಟ ಟ್ಯಾಂಕು ಹೇಗೋ ತಾಳಿಕೊಂಡಿತ್ತು. ಬಾಣಂತಿಯ ನೀರನ್ನು ತಾಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಕಲೇಶಪುರದಿಂದ ಎಲಿಯಾಸ್ ಹೊಲಸು ಎಳೆಯುವ ತನ್ನ ಸಕ್ಕಿಂಗ್ ಟ್ಯಾಂಕರ್ ತಂದ. ಮನೆ ಇರುವುದು ತಗ್ಗಿನಲ್ಲಿ. ಮೇಲಿನ ಡಾಂಬರು ರಸ್ತೆಯಿಂದ ಜೀಪೋ ಕಾರೋ ಇಳಿಯುವಷ್ಟೇ ಮಣ್ಣುದಾರಿ, ಅದೂ ಕಡಿದಾದದ್ದು. ಅವನು ಲಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಕಾಫಿಗಿಡಗಳ ನಡುವೆ ಪೈಪಿಗೆ ಪೈಪು ಜೋಡಿಸುತ್ತ ಟ್ಯಾಂಕಿನವರೆಗೆ ಇಳಿಸಿದ. ಮೇಲೆ ಮಿಷನ್ನು ಬೊಬ್ಬೆ ಹೊಡೆಯಿತು. ಕೆಳಗೆ ಪೈಪು ಒಂದೆರಡು ಸಲ ಒದ್ದಾಡಿ ಸುಮ್ಮನಾಯಿತು.

"ಆಗಲ್ಲ ಬೆಟ್ಟಮ್ಮಕ್ಕ" ಎಂದ ಎಲಿಯಾಸ್, ಬೆವರು ಒರೆಸಿಕೊಂಡು. "ಪೈಪೇನೋ ಮುಟ್ತದೆ. ಇಷ್ಟು ತಗ್ಗಿನಿಂದ ಮೇಲಕ್ಕೆ ಎಳ್ಕೊಳ್ಳೋ ದಮ್ಮು ಮಿಷನ್ನಿಗಿಲ್ಲ."

"ಹಂಗಾರೆ ಲಾರೀನೇ ಇಳಿಸಣ್ಣ."

"ಹೆಂಗೋ ಇಳಿಸ್ದೆ ಅಂತಾನೇ ಇಟ್ಕೊಳ್ಳಿ. ತುಂಬ್ಕೊಂಡು ಹತ್ತೋದು ಹೆಂಗೆ? ಆಮೇಲೆ ನಿಮ್ಮ ಅಂಗಳದಲ್ಲೇ ನಾನು ಸಂಸಾರ ಹೂಡ್ಬೇಕಾಗ್ತದೆ."

ನಗುವ ಹೊತ್ತಾಗಿದ್ದರೆ ಬೆಟ್ಟಮ್ಮ ನಗುತ್ತಿದ್ದಳು. ಅವಳ ಮುಖ ನೋಡಿ ಎಲಿಯಾಸನೇ ತಗ್ಗಿದ. ಆಲೂರಿನ ಕಡೆ ಮೋಹನ್ ಎಂಬವನ ಹತ್ತಿರ ಟ್ರ್ಯಾಕ್ಟರಿಗೆ ಕಟ್ಟುವ ಸಣ್ಣ ಟ್ಯಾಂಕು ಇದೆ, ಅದಾದರೆ ಇಳಿದು ಹತ್ತುತ್ತದೆ ಎಂದು ಹೇಳಿ ನಂಬರು ಕೊಟ್ಟ. ಹೋಗುವ ಮುಂಚೆ ರಂಗಸ್ವಾಮಿಯನ್ನು ಕರೆದು, "ಚಪ್ಪಡಿ ತೆಗ್ದು ಬಗ್ಗಬೇಡಿ ಮಾರಾಯ್ರೆ. ಯಾರನ್ನೂ ಒಳಗೆ ಇಳಿಸ್ಲೂಬೇಡಿ. ಆ ಗ್ಯಾಸು ಹೇಳಿ ಕೊಲ್ಲಲ್ಲ" ಎಂದ.

ಮೋಹನ್ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಈಗ ಎಲ್ಲಾ ಹೋಂಸ್ಟೇನೂ ಫುಲ್ಲು ಕಣಮ್ಮ. ದಿನಾ ಎರಡು ಮೂರು ಕಡೆ ತುಂಬ್ತಾ ಐತೆ. ಹೊಸ ವರ್ಷ ಕಳೀಲಿ, ನಿಮ್ಮದೇ ಮೊದಲು."

"ಮನೇಲಿ ಬಾಣಂತಿ ಅವ್ಳೆ ಕಣಪ್ಪ."

"ನಂಗೂ ಮನುಷ್ಯತ್ವ ಐತಮ್ಮ. ಏನ್ ಮಾಡ್ಲಿ, ಇರೋದು ಒಂದು ಟ್ಯಾಂಕು."

ಮಂಜು ನೋಡಲು ಬಂದವರು ಮಂಜು ನೋಡಿ ಹೋಗುತ್ತಾರೆ, ಬಿಟ್ಟು ಹೋದದ್ದನ್ನು ಸಾಗಿಸಲು ತಾಲೂಕಿನ ಟ್ರ್ಯಾಕ್ಟರುಗಳೆಲ್ಲ ಸರದಿ ನಿಲ್ಲುತ್ತವೆ. ಬೆಟ್ಟಮ್ಮ ಅವರಿಗೆಲ್ಲ ಮನಸಾರೆ ಶಾಪ ಹಾಕಿದಳು. ಶಾಪದಿಂದ ಟ್ಯಾಂಕು ಖಾಲಿಯಾಗುವಂತಿದ್ದರೆ ಆ ಬೆಟ್ಟದಲ್ಲಿ ಒಂದು ಹನಿಯೂ ಉಳಿಯುತ್ತಿರಲಿಲ್ಲ.

ಹೇಳಿದ್ದನ್ನು ಕೇಳುವ ಪೈಕಿ ರಂಗಸ್ವಾಮಿಯಲ್ಲ. ಮಾರನೆಯ ದಿನ ಬಕೀಟಿಗೆ ಹಗ್ಗ ಕಟ್ಟಿಕೊಂಡು, ಮೇಲಿನ ನೀರನ್ನಾದರೂ ಮೊಗೆಯುತ್ತೇನೆಂದು ಚಪ್ಪಡಿ ತೆಗೆದ. ನಾಲ್ಕು ಸಲ ಬಗ್ಗಿ ಎದ್ದವನು ಐದನೆಯ ಸಲ ಏಳಲಾಗದೆ ಟ್ಯಾಂಕಿನ ಬಾಯಿಗೇ ವಾಲಿದ. ಬೆಟ್ಟಮ್ಮ ಅಂಗಿ ಹಿಡಿದು ಎಳೆಯದಿದ್ದರೆ ಆ ಮನೆಯ ಕಥೆ ಬೇರೆಯೇ ಆಗುತ್ತಿತ್ತು. ಬಾಳೆಬುಡದಲ್ಲಿ ಕೂತು ಅವನು ಕಕ್ಕಿಕೊಳ್ಳುತ್ತಿದ್ದಾಗ ಅವಳಿಗೆ ಎಸ್ಟೇಟಿನ ಕೂಲಿ ಲೈನಿನ ಭೂತಯ್ಯ ನೆನಪಾದ. ಅವನ ಅಜ್ಜನನ್ನು ಇಂಥ ಗುಂಡಿಗೆ ಇಳಿಸಿ ಬಳಿಸಲೆಂದೇ ಕರೆಸುತ್ತಿದ್ದ ಕಾಲವೊಂದಿತ್ತು. ಮನಸ್ಸು ಆ ಕಡೆ ಹೋಯಿತು, ಸುಳ್ಳೇಕೆ. ಆದರೆ ಭೂತಯ್ಯನ ಮನೆಯಲ್ಲೂ ಈಗ ಎಳೆ ಬಾಣಂತಿ ಇದ್ದಾಳೆ ಎಂಬುದು ಹಿಂದೆಯೇ ನೆನಪಾಗಿ, ತನ್ನ ಬಗ್ಗೆಯೇ ಹೇಸಿಗೆಯಾಯಿತು. ಚಪ್ಪಡಿ ಮುಚ್ಚಿಸಿದಳು.

ಹೊಸ ವರ್ಷದವರೆಗೆ ಹೇಗೋ ತಳ್ಳುವುದೆಂದಾಯಿತು. ನೀರು ಹಾಕುವುದು ನಿಂತಿತು. ಬಿಸಿ ಬಟ್ಟೆಯಲ್ಲಿ ಮೈ ಒರೆಸಿ ಮುಗಿಸಬೇಕಾಯಿತು. ಗಂಡ ಹೆಂಡತಿ ಹಗಲಲ್ಲಿ ತೋಟದ ಮರೆಗೆ ಹೋಗಿ ಬರುತ್ತಿದ್ದರು. ಅದೂ ಫೋನು ನೋಡಿಕೊಂಡು, ಏಕೆಂದರೆ ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಮೆಸೇಜು ಬರುವುದು ಅದರಲ್ಲಿ. ಹೊಲಿಗೆ ಹಾಕಿದ ಹೊಟ್ಟೆಯ ಹುಡುಗಿಯನ್ನು ತೋಟಕ್ಕೂ ಕಳಿಸುವಂತಿಲ್ಲ, ಏರು ಹತ್ತಿ ನೆರೆಮನೆಗೂ ಕಳಿಸುವಂತಿಲ್ಲ. ಬೆಟ್ಟಮ್ಮ ಬಚ್ಚಲಲ್ಲಿ ಮುಚ್ಚಳದ ಬಕೀಟು ಇಟ್ಟಳು.

"ನಾನು ತೋಟದಾಗೆ ಗುಂಡಿ ತೆಗ್ದು ಮುಚ್ಚಿ ಬತ್ತೀನಿ ಕಣವ್ವ. ನಾಚಿಕೆ ಯಾಕೆ? ನಿನ್ನ ಹೇಲುಚ್ಚೆ ಬಳಿದ ಕೈ ಇದು."

ನವ್ಯಶ್ರೀ ಗೋಡೆಯ ಕಡೆ ತಿರುಗಿ ಮಲಗಿದಳು. ಮೊದಲ ದಿನ ಬೆಟ್ಟಮ್ಮ ಬಕೀಟು ಹೊತ್ತು ಹೋಗಿ ವಾಪಸು ಬರುವವರೆಗೂ ಅವಳು ಕಿಟಕಿಯಲ್ಲಿ ನಿಂತಿದ್ದಳು.

ಅಲ್ಲಿಂದ ಮಗಳ ಊಟ ಇಳಿಯಿತು. "ಹಸಿವಿಲ್ಲಮ್ಮ" ಎಂದು ತಟ್ಟೆ ಸರಿಸುವುದು, "ಆಮೇಲೆ" ಎಂದು ಲೋಟ ಮುಚ್ಚಿಡುವುದು. ಬೆಟ್ಟಮ್ಮನಿಗೆ ದಿಗಿಲು. ಯಾರದೋ ಕಣ್ಣು ಬಿದ್ದಿದೆ ಎಂದು ಊರವರನ್ನೆಲ್ಲ ಬೈದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹಾಲು ಬರಲೆಂದು ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದಳು. ಮೊಟ್ಟೆಯಿಡುವ ನಾಟಿಕೋಳಿಯನ್ನೇ ಕುಯ್ದು ಬೆಳ್ಳುಳ್ಳಿ ಸಾರು ಮಾಡಿದಳು. ಮಗಳು ಎರಡು ತುತ್ತು ತಿಂದಂತೆ ಮಾಡಿ ಕೈ ತೊಳೆದಳು. ಮಗು ಎದೆ ಕಚ್ಚಿ ಎಳೆದೂ ಎಳೆದೂ ಸೋತು ಕಿರುಚುತ್ತಿತ್ತು. 

ಮಂಗಳವಾರ ಅಳಿಯ ಲೋಹಿತ್ ತಾಯಿಯನ್ನು ಕರೆದುಕೊಂಡು ಮಗುವನ್ನು ನೋಡಲು ಬಂದ. ಬೀಗಿತ್ತಿ ರಾಜಲಕ್ಷ್ಮಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ನಾತ ಮೂಗಿಗೆ ಬಡಿದಿರಬೇಕು. ಸೆರಗು ಮೂಗಿಗೆ ಹೋಗಲಿಲ್ಲ, ಅದು ಅವರ ದೊಡ್ಡತನ. ನೇರ ಬಾಣಂತಿಯ ಕೋಣೆಗೆ ಹೋದರು. ಬೆಟ್ಟಮ್ಮ ಕಾಫಿ ಕಾಯಿಸಿ ತಂದವಳು ಬಾಗಿಲ ಹೊರಗೇ ನಿಂತುಬಿಟ್ಟಳು, ಏಕೆಂದರೆ ಒಳಗೆ ಮಗಳು ಅಳುತ್ತಿದ್ದಳು.

"ಸತ್ಯ ಹೇಳು. ಯಾಕೆ ತಿಂತಿಲ್ಲ?"

"ತಿಂದ್ರೆ ಹೋಗ್ಬೇಕಲ್ಲ ಅತ್ತೆ."

"ಅಂದ್ರೆ?"

"ಅಮ್ಮ ಬಕೀಟು ಎತ್ಕೊಂಡು ತೋಟದೊಳಗೆ ಹೋಗ್ತಾಳೆ. ಮೊದಲ್ನೇ ದಿನಾನೇ ನಮ್ಮ ಬೇಲಿ ಹತ್ರ ಒಂಟಿ ಆನೆ ಐತೆ ಅಂತ ಮೆಸೇಜ್ ಬಂತು. ಅವಳು ಹೋಗಾಗಿತ್ತು. ಬರೋವರೆಗೂ ನಂಗೆ ಜೀವ ಇರ್ಲಿಲ್ಲ. ಅದ್ಕೇ ತಿಂತಿಲ್ಲ, ನೀರೂ ಕುಡೀತಿಲ್ಲ. ಹಾಲು ನಿಂತೋಗ್ಬುಟ್ಟೈತೆ ಅತ್ತೆ."

ಬೆಟ್ಟಮ್ಮ ಕಾಫಿಯನ್ನು ಹೊಸಿಲ ಪಕ್ಕ ಇಳಿಸಿಟ್ಟಳು. ಕಣ್ಣು ಬಿದ್ದಿದೆಯೆಂದು ಊರವರನ್ನೆಲ್ಲ ಬೈದಿದ್ದಳಲ್ಲ! ತಾನು ಮಾಡಿಟ್ಟ ಅಡುಗೆಯ ಎದುರು, ತನ್ನ ಮನೆಯಲ್ಲೇ, ತನಗಾಗಿ ಮಗಳು ಉಪವಾಸ ಬಿದ್ದಿದ್ದಳು.

ರಾಜಲಕ್ಷ್ಮಮ್ಮ ಹೊರಗೆ ಬಂದು ಜಗಲಿಯಲ್ಲಿ ಕೂತರು. ಮೂರು ತಿಂಗಳೊಳಗೆ ಬಾಣಂತಿಯನ್ನು ಕಳಿಸಿ ಎಂದು ಗಂಡನ ಮನೆಯವರು ಕೇಳುವಂತಿಲ್ಲ, ಅದು ತವರನ್ನು ಅವಮಾನಿಸಿದಂತೆ. ತವರಿನವರೇ ಬಾಯಿ ಬಿಟ್ಟು ಹೇಳಬೇಕು. ಅದನ್ನು ತಿಳಿದೇ ಅವರು, "ಅಕ್ಕ, ನಾನೇನೂ ಕೇಳಲ್ಲ. ನಿಮ್ಮ ಮಗಳು, ನಿಮ್ಮ ಮನೆ" ಎಂದರು.

"ಹೊಸ ವರ್ಷ ಕಳೀತಿದ್ದಂಗೆ ಟ್ರ್ಯಾಕ್ಟರ್ ಬತ್ತದೆ" ಎಂದಳು ಬೆಟ್ಟಮ್ಮ. "ಮೋಹನ್ ಮಾತು ಕೊಟ್ಟವ್ನೆ. ಇನ್ನೇನು, ಒಂದು ವಾರ."

ಒಳಗೆ ಮಗು ಅಳುತ್ತಿತ್ತು. ಗಂಟಲು ಒಣಗಿದ, ಸದ್ದು ಕಮ್ಮಿಯಾಗುತ್ತ ಬಂದ ಅಳು. ಬೆಟ್ಟಮ್ಮ ಅದನ್ನು ಸ್ವಲ್ಪ ಹೊತ್ತು ಕೇಳಿದಳು.

"ಕರ್ಕೊಂಡೋಗಿ" ಎಂದಳು.

ರಂಗಸ್ವಾಮಿ ಗಾಬರಿಯಾದ. "ಲೇ, ಮಂಗಳವಾರ ಕಣೆ. ಮನೆ ಮಗಳ್ನ ಮಂಗಳವಾರ ಯಾರಾದ್ರೂ ಕಳಿಸ್ತಾರಾ?"

"ಮಂಗಳವಾರ ಅಂತ ಕೂಸು ಹಸ್ಕಂಡಿರ್ತದಾ? ಬಟ್ಟೆ ತುಂಬ್ರಿ."

ಹೊರಡುವ ಹೊತ್ತಿಗೆ ನವ್ಯಶ್ರೀ ತಾಯಿಯ ಕಾಲಿಗೆ ಬೀಳಲು ಬಗ್ಗಿದಳು. ಹೊಟ್ಟೆ ನೋಯುತ್ತದೆಂದು ಬೆಟ್ಟಮ್ಮ ಹಿಡಿದು ನಿಲ್ಲಿಸಿದಳು. ತೋಳು ಕೈಗೆ ಸಿಕ್ಕಾಗ ಬರೀ ಮೂಳೆ. ಒಳಗೆ ಓಡಿ ಅಂಟಿನುಂಡೆಯ ಡಬ್ಬಿ ತಂದು ಕಾರಿನ ಕಿಟಕಿಯಿಂದ ಮಗಳ ಮಡಿಲಿಗೆ ಹಾಕಿದಳು.

ಅಂಗಳ ಇಕ್ಕಟ್ಟು. ಲೋಹಿತ್ ಹಿಂದೆ ಮುಂದೆ ಮಾಡುತ್ತ ಕಾರು ತಿರುಗಿಸತೊಡಗಿದ. ಹಿಂದಿನ ಸೀಟಿನಲ್ಲಿ ನವ್ಯಶ್ರೀ ಡಬ್ಬಿ ತೆರೆದಳು. ಒಂದು ಉಂಡೆ ಬಾಯಿಗೆ ಹಾಕಿಕೊಂಡು ಸರಿಯಾಗಿ ಅಗಿಯದೆಯೇ ಇನ್ನೊಂದು ತೆಗೆದಳು. ರಾಜಲಕ್ಷ್ಮಮ್ಮ ನೀರಿನ ಬಾಟಲಿ ಕೊಟ್ಟರು. ಅದನ್ನು ಎತ್ತಿ ಗಟಗಟನೆ ಕುಡಿದು ಮತ್ತೊಂದು ಉಂಡೆಗೆ ಕೈ ಹಾಕಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಎಷ್ಟು ದಿನದಿಂದ ಬೆಟ್ಟಮ್ಮ ನೋಡಬೇಕೆಂದಿದ್ದು ಇದನ್ನೇ. ಈಗ ನೋಡಲಾಗುತ್ತಿರಲಿಲ್ಲ.

ಕಾರು ಏರು ಹತ್ತಿತು. "ತಿಂತಾವ್ಳೆ ನೋಡೇ" ಎಂದ ರಂಗಸ್ವಾಮಿ, ಸಮಾಧಾನ ಹೇಳುವವನಂತೆ.

"ಹೂಂ" ಎಂದಳು ಬೆಟ್ಟಮ್ಮ. "ನಮ್ಮನೆ ಬಿಟ್ಟಳಲ್ಲ, ಇನ್ನು ತಿಂತಾಳೆ."