ಮೂರು ವಾರ ಎಂದಳು ಮಗಳು

“ಲೆನ್ಸ್ ಹಾಕೋದು ಬಿಟ್ಟು ಎಷ್ಟು ದಿನ ಆಯ್ತು?” ಎಂದು ಕಣ್ಣಾಸ್ಪತ್ರೆಯ ನರ್ಸ್ ಕೇಳಿದಳು.

“ಮೂರು ವಾರ,” ಎಂದಳು ಮಗಳು, ತಡವರಿಸದೆ.

ಮೊನ್ನೆ ಬಚ್ಚಲು ತೊಳೆಯುವಾಗ ಅವಳ ಲೆನ್ಸ್ ಡಬ್ಬಿ ನನ್ನ ಕೈಗೆ ಸಿಕ್ಕಿತ್ತು. ಒಳಗೆ ನೀರಿತ್ತು, ಲೆನ್ಸ್ ಇರಲಿಲ್ಲ. ಅವಳು ಅದನ್ನು ಹಾಕಿಕೊಂಡೇ ಏಣಿ ಹತ್ತುವ ಅಭ್ಯಾಸಕ್ಕೆ ಹೋಗಿದ್ದಳು.

ಅಗ್ನಿಶಾಮಕ ದಳದ ಆಯ್ಕೆಗೆ ಉಳಿದಿರುವುದು ಮೂರು ತಿಂಗಳು ಹತ್ತು ದಿನ. ಕನ್ನಡಕ ಬಿಡಿಸುವ ಈ ಲೇಸರ್ ಆಪರೇಷನ್ ಆಗಿ ಆ ಹೊತ್ತಿಗೆ ಮೂರು ತಿಂಗಳಾದರೂ ಕಳೆದಿರಬೇಕೆಂದು ನಿಯಮ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ.

ಯಂತ್ರದಲ್ಲಿ ಅಳತೆ ತೆಗೆದು ನಮ್ಮನ್ನು ಹೊರಗೆ ಕೂರಿಸಿದರು.

“ಡಬ್ಬಿ ನೋಡ್ದೆ ಕಣೇ,” ಎಂದೆ.

“ನೀನೇನು ಪೊಲೀಸಾ?”

“ಬಚ್ಚಲು ತೊಳೆಯೋರಿಗೆ ಎಲ್ಲಾ ಗೊತ್ತಾಗತ್ತೆ. ಈ ಮೂರು ವಾರದಲ್ಲಿ ಎಷ್ಟು ದಿನ ಹಾಕಿದ್ದೆ?”

“ಎರಡೇ.”

ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ.

“ಆರು. ಏಣಿ ಹತ್ತುವಾಗ ಬೆವರಿಗೆ ಕನ್ನಡಕ ಜಾರತ್ತೆ, ನಾನೇನ್ ಮಾಡ್ಲಿ? ಬಾಯಿ ಬಿಡ್ಬೇಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ.”

ಲೆನ್ಸ್ ಕಣ್ಣಿನ ಮೇಲ್ಪದರವನ್ನು ಒತ್ತಿರುತ್ತದೆ, ಅದು ತನ್ನ ಆಕಾರಕ್ಕೆ ಮರಳುವ ಮುಂಚೆ ಅಳೆದರೆ ಲೇಸರ್ ತಪ್ಪು ಲೆಕ್ಕಕ್ಕೇ ಕೊರೆಯುತ್ತದೆ ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ನಾನು ಹೊಲಿಗೆಯವಳು. ಮೊದಲು ನೆನೆಸಿ ಒಣಗಿಸದೆ ಬಟ್ಟೆಗೆ ಕತ್ತರಿ ಹಾಕಿದರೆ ಒಗೆದಾಗ ಕುಗ್ಗಿ ಅಳತೆ ತಪ್ಪುತ್ತದೆಂದು ಗೊತ್ತು. ಬಟ್ಟೆಯಾದರೆ ಬೇರೆ ತರಬಹುದು.

ನರ್ಸ್ ಬಂದು ಅವಳ ತಲೆಗೆ ನೀಲಿ ಟೋಪಿ ಹಾಕಿ, ಕಣ್ಣಿಗೆ ಹನಿ ಬಿಟ್ಟಳು. “ಬನ್ನಿ,” ಎಂದಳು. ಮಗಳು ಎದ್ದಳು, ನನ್ನ ಕೈಯನ್ನೊಮ್ಮೆ ಬಿಗಿಯಾಗಿ ಹಿಸುಕಿದಳು. ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಆರನೇ ಹೆಜ್ಜೆಗೆ ನಾನು ಎದ್ದು ನಿಂತೆ.

“ಸಿಸ್ಟರ್, ನಿಲ್ಲಿ. ಮೊನ್ನೆ ಲೆನ್ಸ್ ಹಾಕಿದ್ಲು.”

ಮಗಳು ತಿರುಗಿ ನೋಡಲಿಲ್ಲ.

ಡಾಕ್ಟರ್ ಹೊರಗೆ ಬಂದು ಅವಳನ್ನೇ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ಬೈಯಲಿಲ್ಲ. “ಇವತ್ತು ಬೇಡ. ಮೂರು ವಾರ ಬಿಟ್ಟು ಬಾ, ಹೊಸದಾಗಿ ಅಳತೆ ತೆಗೆಯೋಣ,” ಎಂದರು. ನಮ್ಮ ಕೈಯಲ್ಲಿ ಹೆಚ್ಚಿಗಿದ್ದದ್ದು ಹತ್ತೇ ದಿನ.

ಅವಳು ಟೋಪಿ ತೆಗೆದು ನಾಲ್ಕು ಮಡಿಕೆ ಮಾಡಿ ನರ್ಸ್ ಕೈಗೆ ಕೊಟ್ಟಳು.

ಮೆಟ್ಟಿಲಿಳಿಯುವಾಗ ಕೇಳಿದಳು, “ಕಣ್ಣು ನಂದಲ್ವಾ?”

“ನಿಂದೇ.”

“ಮತ್ತೆ?”

ಮತ್ತೊಂದು ಮಹಡಿ ಇಳಿದೆವು.

“ಇನ್ನೊಂದು ಸಲ ಹೀಗಾದ್ರೂ ಹೇಳ್ತೀಯಾ?”

“ಹೇಳ್ತೀನಿ ಮಗಳೇ.”

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಮನೆಯವರೆಗೂ ಅವಳು ನಿಂತೇ ಬಂದಳು.