ಮ್ಯಾಟರ್ ನೀನೇ ನೋಡ್ಕೊ

ದೊಡ್ಡಬಳ್ಳಾಪುರದಲ್ಲಿ ಯಾರ ಹುಟ್ಟುಹಬ್ಬ ಬಂತು, ಯಾರಿಗೆ ಯಾವ ಸಂಘದ ಅಧ್ಯಕ್ಷಗಿರಿ ಸಿಕ್ಕಿತು, ಯಾರು ಈಗ ಯಾರ ಬಾಲ ಹಿಡಿದುಕೊಂಡು ಓಡಾಡುತ್ತಿದ್ದಾರೆ ಎಂಬುದೆಲ್ಲ ಅರ್ಪಿತಳಿಗೆ ಊರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಅವಳೇನು ಜ್ಯೋತಿಷಿಯಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಜಯಕುಮಾರನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಊರಿನ ಸಕಲ ಧೀಮಂತರೂ ಜನನಾಯಕರೂ ಮೊದಲು ಅವಳ ಕಂಪ್ಯೂಟರಿನಲ್ಲಿ ಬೆಳ್ಳಗಾಗಿ, ಮುಖದ ಕಲೆ ಒರೆಸಿಕೊಂಡು, ಆಮೇಲಷ್ಟೇ ಕಂಬ ಹತ್ತುತ್ತಿದ್ದರು.

ಫ್ಲೆಕ್ಸಿನಲ್ಲಿ ಬರೆಯುವ ಮಾತುಗಳಿಗೆ ಆ ಅಂಗಡಿಯಲ್ಲಿ ‘ಮ್ಯಾಟರ್’ ಎಂದು ಹೆಸರು. ಮ್ಯಾಟರ್ ಓದಿದ ಗಿರಾಕಿಯನ್ನು ಅರ್ಪಿತ ಇನ್ನೂ ಕಂಡಿರಲಿಲ್ಲ. ಬಂದವರು ಮೊದಲು ತಮ್ಮ ಫೋಟೋ ನೋಡುತ್ತಿದ್ದರು. ಆಮೇಲೆ ತಮಗಾಗದವನ ಫೋಟೋ ತಮ್ಮದಕ್ಕಿಂತ ದೊಡ್ಡದಾಗಿದೆಯೋ ಎಂದು ನೋಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಹೀಗೆ ಓದದೆ ಹೋಗಿ ಆಮೇಲೆ ಬಂದು ಕೂಗಾಡುವವರ ಕಾಟ ತಡೆಯಲಾರದೆ ಜಯಕುಮಾರ್ ಗೋಡೆಗೆ ಒಂದು ಬೋರ್ಡು ಹೊಡೆಸಿದ್ದ: ‘ಓಕೆ ಎಂದ ಮೇಲೆ ಪ್ರಿಂಟ್. ಪ್ರಿಂಟ್ ಆದ ಮೇಲೆ ನಾವು ಜವಾಬ್ದಾರರಲ್ಲ.’ ಆ ಬೋರ್ಡನ್ನೂ ಯಾರೂ ಓದುತ್ತಿರಲಿಲ್ಲ.

ಈ ಓದದವರ ಪೈಕಿ ಮೊದಲ ಸಾಲಿನವನು ಕೆಂಪರಾಜು. ಮೇನ್ ರೋಡಿನಲ್ಲಿ ‘ಗೇಮ್ ಲೋಕ’ ಎಂಬ ಅಂಗಡಿ ಇಟ್ಟಿದ್ದ. ವಿಡಿಯೋ ಗೇಮು, ಅದಕ್ಕೆ ಬೇಕಾದ ಕಂಟ್ರೋಲರು, ಜತೆಗೆ ಮೊಬೈಲ್ ಕವರು, ಇಯರ್‌ಫೋನು. ಅರ್ಪಿತಳ ಗ್ರಹಚಾರ, ಅವಳ ಗಂಡ ನವೀನ್‌ಕುಮಾರ ಆ ಅಂಗಡಿಯಲ್ಲೇ ‘ಕೋಟೆ ಕಾಳಗ’ ಕೊಂಡದ್ದು.

ಕೊಂಡಿದ್ದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ. ನವೀನ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದು ‘ಊಟ ಆಯ್ತಾ’ ಎನ್ನುವನು, ಇವಳು ‘ಹೂಂ, ನಿಮ್ದು?’ ಎನ್ನುವಳು, ಆಮೇಲೆ ಫ್ಯಾನು ಒಂದೇ ಮಾತಾಡುತ್ತಿತ್ತು. ಕೋಟೆ ಕಾಳಗ ಇಬ್ಬರು ಜೊತೆಯಾಗಿ ಆಡುವ ಆಟ, ಅದೂ ಕನ್ನಡದಲ್ಲೇ ಮಾತನಾಡುವ ಆಟ. ಒಬ್ಬರು ಪಂಜು ಹಿಡಿಯಬೇಕು, ಇನ್ನೊಬ್ಬರು ಹಗ್ಗ ಎಸೆಯಬೇಕು. ಬಾಗಿಲು ಬಾಗಿಲು ದಾಟಿ ಕೋಟೆಯ ನೆತ್ತಿಯಲ್ಲಿ ದೀಪ ಹಚ್ಚಬೇಕು. ಕಂಪ್ಯೂಟರನ್ನು ಟೀವಿಗೆ ಜೋಡಿಸಿ ಕೂತ ಒಂದೇ ವಾರಕ್ಕೆ ‘ಹೂಂ, ನಿಮ್ದು’ ಹೋಗಿ ‘ಲೋ ನವೀನ, ಹಗ್ಗ ಹಿಡ್ಕೊಳೋ, ಬಿದ್ದೆ ಕಣೋ!’ ಬಂತು. ಒಂದು ಭಾನುವಾರ ಮಾಕಳಿದುರ್ಗ ಹತ್ತುವಾಗ ನವೀನ ನಿಂತು, ‘ನಮ್ ಕೋಟೆ ಥರಾನೇ ಇದೆ ಅಲ್ವಾ’ ಎಂದ. ‘ನಮ್’ ಎಂದನಲ್ಲ, ಅರ್ಪಿತಳಿಗೆ ತಾನು ಮದುವೆಯಾಗಿದ್ದೇನೆ ಎಂದು ಸರಿಯಾಗಿ ಅನ್ನಿಸಿದ್ದು ಅವತ್ತೇ.

ಅಂಥ ಆಟ ಕಡೇ ಬಾಗಿಲಲ್ಲಿ ಕೈಕೊಟ್ಟಿತು. ಇಬ್ಬರೂ ಸೇರಿ ರಾಟೆ ತಿರುಗಿಸಿದರೆ ರಾಟೆ ತಿರುಗುತ್ತದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ. ನವೀನನ ಸೈನಿಕ ಸೊಂಟದ ತನಕ ಗೋಡೆಯೊಳಗೆ ಹೂತುಹೋಗುತ್ತಾನೆ. ಕಂಪನಿಯ ವೆಬ್‌ಸೈಟಿನಲ್ಲಿ ‘ದೋಷ ಗಮನಕ್ಕೆ ಬಂದಿದೆ, ಸರಿಪಡಿಸುವ ಪ್ಯಾಚ್ ನಿಮ್ಮ ಮಾರಾಟಗಾರರಲ್ಲಿ ಮಾತ್ರ ಸಿಗಲಿದೆ, ಅವರನ್ನೇ ಸಂಪರ್ಕಿಸಿ’ ಎಂದಿತ್ತು. ಮಾರಾಟಗಾರ ಎಂದರೆ ಕೆಂಪರಾಜು. ಪ್ಯಾಚೆಂದರೆ ಏನು ಎಂದು ಅವನಿಗೇ ನವೀನ ವಿವರಿಸಬೇಕಾಯಿತು.

‘ಈ ವಾರ ಬಂದ್ಬಿಡತ್ತೆ ಗುರು’ ಎಂದ ಕೆಂಪರಾಜು. ಅರ್ಪಿತಳಿಗೆ ಆಗ ವಾಂತಿ ಶುರುವಾಗಿತ್ತು, ಮೂರನೇ ತಿಂಗಳು.

ವಾಂತಿ ನಿಂತಿತು, ಪ್ಯಾಚು ಬರಲಿಲ್ಲ. ‘ಯುಗಾದಿಗೆ ಗ್ಯಾರಂಟಿ’ ಎಂದ. ಯುಗಾದಿ ಹೋಯಿತು, ಹೊಸತೊಡಕಿನ ಬಾಡೂಟವೂ ಅರಗಿತು. ‘ಕಂಪನಿ ಸರ್ವರ್ ಬಿದ್ದೋಗಿದ್ಯಂತೆ’ ಎಂದ. ಕೇಳಲು ಹೋದ ನವೀನನ ಕೈಗೆ ಪ್ರತಿ ಸಲ ಏನಾದರೊಂದು ತಗಲಿಸಿ ಕಳಿಸುತ್ತಿದ್ದ. ನವೀನ ಒಳ್ಳೆಯವನು, ಆದರೆ ಅಂಗಡಿಯವರ ಮುಂದೆ ಬೆಣ್ಣೆ. ಜಗಳಕ್ಕೆಂದು ಹೋಗಿ ಇಯರ್‌ಫೋನ್ ಹಿಡಿದುಕೊಂಡು ಬರುವನು. ಮನೆಯಲ್ಲಿ ಕಿವಿಗಿಂತ ಇಯರ್‌ಫೋನ್ ಜಾಸ್ತಿಯಾದವು.

‘ಗೇಮ್ ಲೋಕ ಫ್ಯಾಮಿಲಿ’ ಎಂಬ ವಾಟ್ಸಾಪ್ ಗ್ರೂಪೂ ಇತ್ತು. ಅದರಲ್ಲಿ ಕೆಂಪರಾಜು ಒಬ್ಬನೇ ಮಾತಾಡಬಹುದು, ಉಳಿದ ಫ್ಯಾಮಿಲಿ ಬಾಯಿ ಮುಚ್ಚಿಕೊಂಡು ನೋಡಬೇಕು. ಬೆಳಗಾದರೆ ಕಮಲದ ಹೂವಿನ ಶುಭೋದಯ. ಶನಿವಾರಕ್ಕೆ ಆಂಜನೇಯ. ಪ್ಯಾಚಿನ ಸುದ್ದಿ ಒಂದು ಬಿಟ್ಟು ಲೋಕದ ಸುದ್ದಿಯೆಲ್ಲ ಬರುತ್ತಿತ್ತು. ಒಂದು ದಿನ ತಾಳ್ಮೆಗೆಟ್ಟ ಅರ್ಪಿತ ಹೊಟ್ಟೆ ಹೊತ್ತುಕೊಂಡು ತಾನೇ ಅಂಗಡಿಗೆ ಹೋದಳು.

‘ಅಣ್ಣ, ಒಂಬತ್ತು ತಿಂಗಳಿಗೆ ಮಗೂನೇ ಬರುತ್ತೆ. ನಿಮ್ ಪ್ಯಾಚ್ ಬರಕ್ಕೆ ಇನ್ನೆಷ್ಟು ಬೇಕು?’

‘ಅಯ್ಯೋ, ಬಸುರಿ ಹೆಂಗ್ಸು, ಟೆನ್ಷನ್ ಮಾಡ್ಕೋಬಾರ್ದು ಕಣಮ್ಮ’ ಎಂದು ಕೆಂಪರಾಜು ಸ್ಟೂಲು ಹಾಕಿಸಿ ಬಾದಾಮಿ ಹಾಲು ತರಿಸಿದ. ‘ನಾನೇನ್ ಮಾಡ್ಲಿ ಹೇಳು? ಕಂಪ್ನಿಯೋರು ಮೆಸೇಜ್ ಹಾಕ್ಲಿಲ್ಲ. ಹಾಕಿದ್ ಕ್ಷಣ ನಾನು ನಿಮ್ಮನೇಗೇ ಬಂದು ಕೊಡ್ತೀನಿ.’

ಹಾಲು ಕುಡಿಸಿ ಮೂಗಿಗೆ ತುಪ್ಪ ಸವರಿ ಕಳಿಸಿದ. ಬೀದಿಗೆ ಬಂದ ಮೇಲೆ ಅರ್ಪಿತಳಿಗೆ ಮೈಯೆಲ್ಲ ಉರಿಯಿತು. ಸೀಮಂತಕ್ಕೆ ದಿನ ಗೊತ್ತಾಗಿತ್ತು. ಅವತ್ತೇ ಅಮ್ಮ ವರಲಕ್ಷ್ಮಮ್ಮ ಅವಳನ್ನು ತವರೂರು ನಂದಗುಡಿಗೆ ಕರೆದುಕೊಂಡು ಹೋಗುತ್ತಾಳೆ. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿ ಮೂರನೆಯವರು ಇರುತ್ತಾರೆ. ಹಾಲು, ತೊಟ್ಟಿಲು, ನಿದ್ದೆಗೇಡು. ಇಬ್ಬರೇ ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತು ಆಡುವುದು ಇನ್ನು ಯಾವ ಕಾಲಕ್ಕೋ. ಇಬ್ಬರನ್ನು ಇಬ್ಬರಾಗಿಸಿದ ಆಟವನ್ನು ಇಬ್ಬರೇ ಇರುವಾಗ ಮುಗಿಸಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆಂದು ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸೀಮಂತಕ್ಕೆ ವಾರವಿದೆ ಎನ್ನುವಾಗ ಕೆಂಪರಾಜುವೇ ಜಯಕುಮಾರನ ಅಂಗಡಿಗೆ ಬಂದ. ಗೇಮ್ ಲೋಕಕ್ಕೆ ಮೂರನೇ ವರ್ಷ, ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್ ಬೇಕು. ಕಪ್ಪು ಕನ್ನಡಕ ಹಾಕಿ ನಮಸ್ಕಾರ ಮಾಡುತ್ತಿರುವ ಫೋಟೋ ಕೊಟ್ಟ.

‘ಕೆಳಗಡೆ ಒಂದಷ್ಟು ಕಸ್ಟಮರ್ಸ್ ಮುಖ ರೌಂಡಲ್ಲಿ ಹಾಕು, ಶುಭ ಕೋರುವವರು ಅಂತ. ಅವರಿಗೂ ಖುಷಿ.’

‘ಮ್ಯಾಟರ್ ಏನ್ ಹಾಕ್ಲಿ ಅಣ್ಣ?’

‘ಮ್ಯಾಟರ್ ನೀನೇ ನೋಡ್ಕೊ ಕಣಮ್ಮ. ನಿನಗೆ ಗೊತ್ತಿಲ್ದಿರೋದಾ!’

ಗೊತ್ತಿಲ್ಲದೇ ಏನು. ಅರ್ಪಿತ ಫೋಟೋ ಕೂರಿಸಿದಳು, ಹಿಂದೆ ಸೂರ್ಯಕಿರಣ ಹರಿಸಿದಳು. ಮೇಲೆ ದಪ್ಪಕ್ಷರದಲ್ಲಿ ‘ಮೂರನೇ ವರ್ಷದ ಸಂಭ್ರಮ’ ಎಂದು ಹಾಕಿದಳು. ಅದರ ಕೆಳಗೆ ಸುಮ್ಮನೆ ಹೊಟ್ಟೆಯುರಿ ತೀರಿಸಿಕೊಳ್ಳಲು ಟೈಪ್ ಮಾಡತೊಡಗಿದವಳಿಗೆ ನಿಲ್ಲಿಸಲಾಗಲಿಲ್ಲ:

‘ಕೋಟೆ ಕಾಳಗದ ಪ್ಯಾಚ್ ಈ ವಾರ ಬರುತ್ತದೆ ಎಂದು ತಿಂಗಳುಗಟ್ಟಲೆ ನಂಬಿಸಿದ, ಫೋನ್ ಎತ್ತದ, ಮೆಸೇಜ್ ಓದದ, ಕೇಳಲು ಬಂದವರಿಗೆ ಇಯರ್‌ಫೋನ್ ಮಾರಿ ಕಳಿಸುವ ನಗುಮೊಗದ ಸರದಾರ ಶ್ರೀ ಕೆಂಪರಾಜು ಅವರಿಗೆ ಹಾರ್ದಿಕ ಶುಭಾಶಯಗಳು.’

ಕೆಳಗೆ ಗಿರಾಕಿಗಳ ದುಂಡು ಮುಖಗಳ ಸಾಲು. ಹೀಗೇ ಕಾದು ಬೆಂದವರನ್ನೇ ಹುಡುಕಿ, ಅವರನ್ನು ಕೇಳಿಯೇ ಹಾಕಿದಳು. ಮ್ಯಾಟರ್ ಕೇಳಿ ಅವರೆಲ್ಲ ಒಳ್ಳೊಳ್ಳೆ ಫೋಟೋ ಕಳಿಸಿದರು. ತುದಿಯಲ್ಲಿ ತಾನು ಮತ್ತು ನವೀನ. ಆ ಸಾಲಿಗೆ ‘ಕಾದು ಕಾದು ಶುಭ ಕೋರುವವರು’ ಎಂದು ಹೆಸರಿಟ್ಟಳು.

ನಕ್ಕು ಅಳಿಸಬೇಕೆಂದಿದ್ದಳು. ಅಷ್ಟರಲ್ಲಿ ಗ್ರೂಪಿನಲ್ಲಿ ಮತ್ತೊಂದು ಕಮಲದ ಹೂವು ಬಂತು. ನೋಡಿಯೇಬಿಡೋಣ ಎಂದು ಕೆಂಪರಾಜುವಿಗೆ ಕಳಿಸಿದಳು. ಅಳುಕು ತಡೆಯದೆ ಫೋನ್ ಕೂಡ ಮಾಡಿದಳು.

‘ಅಣ್ಣ, ಪ್ರಿಂಟ್‌ಗೆ ಮುಂಚೆ ಮ್ಯಾಟರ್ ಒಂದ್ಸಲ ಓದ್ಬಿಡಿ.’

‘ಓದೋದೇನಮ್ಮ, ಸೂಪರಾಗಿದೆ! ಫೋಟೋ ಮಾತ್ರ ಇನ್ನೊಂಚೂರು ದೊಡ್ಡದು ಮಾಡು.’

ಆ ‘ಇನ್ನೊಂಚೂರು’ ಅರ್ಪಿತಳ ಕೊನೆಯ ಅಳುಕನ್ನೂ ತೊಳೆದುಹಾಕಿತು. ಫೋಟೋ ದೊಡ್ಡದು ಮಾಡಿದಳು. ಓಕೆ ಬಂತು, ಪ್ರಿಂಟಾಯಿತು, ಸರ್ಕಲ್ಲಿನಲ್ಲಿ ಎದ್ದು ನಿಂತಿತು.

ಊರು ಓದಿತು. ಬಸ್ಸಿಗೆ ಕಾದವರು ಓದಿದರು, ಮಗ್ಗದ ಕೆಲಸಕ್ಕೆ ಹೋಗುವವರು ಗಾಡಿ ನಿಲ್ಲಿಸಿ ಓದಿದರು, ಪ್ಯಾಚು ಎಂದರೆ ಪ್ಯಾಂಟಿಗೆ ಹಾಕುವ ತೇಪೆಯೆಂದು ತಿಳಿದವರೂ ಓದಿ ಬಿದ್ದು ಬಿದ್ದು ನಕ್ಕರು. ಕೆಂಪರಾಜು ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡು, ಸ್ಟೇಟಸ್ಸಿಗೂ ಗ್ರೂಪಿಗೂ ತಾನೇ ಹಾಕಿದ. ಅಂಗಡಿಗೆ ಜನವೋ ಜನ. ಎಲ್ಲರೂ ಒಳಗೆ ಬಂದು ಅವನ ಮುಖ ನೋಡಿ, ಕಿಸಕ್ಕೆಂದು ನಕ್ಕು, ‘ಅಣ್ಣ, ಇಯರ್‌ಫೋನ್ ಇದ್ಯಾ?’ ಎನ್ನುವವರೇ. ಅವನು ಕೊಟ್ಟಿದ್ದೇ ಕೊಟ್ಟಿದ್ದು.

‘ಏನಮ್ಮ ನಿನ್ ಕೈಗುಣ!’ ಎಂದು ಅರ್ಪಿತಳಿಗೆ ಫೋನ್ ಬಂತು. ‘ಫ್ಲೆಕ್ಸ್ ಕಟ್ಟಿದ್ದೇ ಕಟ್ಟಿದ್ದು, ಯಾಪಾರ ಕುದುರ್ಬಿಡ್ತು!’

ಅರ್ಪಿತ ಸೆರಗು ಬಾಯಿಗೆ ತುರುಕಿಕೊಂಡಳು.

ಸೀಮಂತದ ಹಿಂದಿನ ದಿನ ಅವನು ಜಯಕುಮಾರನ ಅಂಗಡಿಗೆ ನುಗ್ಗಿದಾಗ ಮುಖ ಕೆಂಡವಾಗಿತ್ತು. ಹಿಂದೆಯೇ ಅವನ ಹೆಂಡತಿ ಶಶಿರೇಖಾ. ತವರಿನಲ್ಲಿದ್ದವಳು ಗಂಡನ ಸ್ಟೇಟಸ್ ನೋಡಿ, ಬೆರಳಲ್ಲಿ ಹಿಗ್ಗಿಸಿ ಓದಿ, ಸಿಕ್ಕ ಬಸ್ಸು ಹತ್ತಿ ಬಂದಿದ್ದಳು.

‘ಏನಮ್ಮಾ ಇದು? ನನ್ ಮಾನ ಸರ್ಕಲ್ಲಲ್ಲಿ ನೇತಾಕಿದ್ದೀಯಲ್ಲ!’

ಜಯಕುಮಾರ್ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿ ಮತ್ತೆ ಮೆಷಿನ್ನಿನ ಕಡೆ ತಿರುಗಿದ. ಅರ್ಪಿತ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಎದ್ದಳು.

‘ಅಣ್ಣ, ಓದಿ ಅಂತ ಫೋನ್ ಮಾಡಿ ಹೇಳ್ದೆ. ಅದ್ರಲ್ಲಿ ಒಂದು ಸುಳ್ಳಿದ್ರೆ ತೋರ್ಸಿ. ಈಗಿಂದೀಗ್ಲೇ ಬೇರೆ ಮಾಡ್ಕೊಡ್ತೀನಿ, ನನ್ ಕೈಯಿಂದ ದುಡ್ ಹಾಕಿ.’

‘ಸುಳ್ಳೇ! ಮೆಸೇಜ್ ಓದದ ಅಂತ ಹಾಕಿದ್ದೀಯ. ಕಂಪ್ನಿಯೋರು ಕಳ್ಸಿದ್ರೆ ತಾನೇ ಓದೋದು? ನೋಡು, ನೀನೇ ನೋಡು!’ ಎಂದು ಕೆಂಪರಾಜು ಫೋನ್ ಮುಂದೆ ಹಿಡಿದ.

ಶಶಿರೇಖಾ ಅದನ್ನು ಕಿತ್ತುಕೊಂಡಳು. ತೆರೆಯದ ಮೆಸೇಜುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಳಕ್ಕೆ ಕೆಳಕ್ಕೆ ಸರಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಗಟ್ಟಿಯಾಗಿ ಓದಿದಳು.

‘ಎಲ್ಲಾ ಮಾರಾಟಗಾರರ ಗಮನಕ್ಕೆ. ಕೋಟೆ ಕಾಳಗ ಆಟದ ಪ್ಯಾಚ್ ಸಿದ್ಧವಿದೆ. ಕೆಳಗಿನ ಲಿಂಕ್‌ನಿಂದ ಇಳಿಸಿಕೊಂಡು ಗ್ರಾಹಕರಿಗೆ ಉಚಿತವಾಗಿ ನೀಡತಕ್ಕದ್ದು.’ ತಲೆಯೆತ್ತಿ ಗಂಡನನ್ನು ನೋಡಿದಳು. ‘ರೀ, ಇದು ಯುಗಾದಿಗಿಂತ ಮುಂಚೆ ಬಂದಿರೋದು. ಆಮೇಲೆ ಎರಡ್ ಸಲ ನೆನಪಿಸವ್ರೆ.’

ಕೆಂಪರಾಜು ‘ಕಂಪ್ನಿ ನಂಬರಿಂದ ಬರೋದೆಲ್ಲ ಆಫರ್ ಅನ್ಕೊಂಡಿದ್ದೆ ಕಣೇ’ ಎಂದ.

ಅರ್ಪಿತಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಯುಗಾದಿಗಿಂತ ಮುಂಚೆ! ಸಂಜೆ ಸಂಜೆ ಇಬ್ಬರೂ ಆ ಮುಚ್ಚಿದ ಬಾಗಿಲಿನ ಮುಂದೆ ಕೂತು, ಕಂಪನಿಯ ಅಪ್ಪ ಅಮ್ಮನನ್ನೆಲ್ಲ ಬೈದು, ಬೇಜಾರಾಗಿ ಟೀವಿ ಆರಿಸಿ ಮಲಗಿದ್ದೆಲ್ಲ ನೆನಪಾಗಿ ಕಣ್ಣಲ್ಲಿ ನೀರೇ ಬಂತು. ಅಷ್ಟು ದಿನವೂ ಪ್ಯಾಚು ಈ ಮನುಷ್ಯನ ಜೇಬಿನಲ್ಲೇ ಇತ್ತು. ಆ ಜೇಬು ಹೊತ್ತುಕೊಂಡೇ ಅವನು ಎದುರಿಗೆ ನಿಂತು ಬಾದಾಮಿ ಹಾಲು ತರಿಸಿದ್ದ.

‘ನಾಳೆ ನಾನು ಊರಿಗೆ ಹೋಗ್ತೀನಿ’ ಎಂದಳು. ‘ಅಷ್ಟರೊಳಗೆ ಅದು ನನ್ ಮನೇಲಿರ್ಬೇಕು. ಇಲ್ದಿದ್ರೆ ನೆಲಮಂಗಲದ ತನಕ ಕಂಬಕ್ಕೊಂದು ಫ್ಲೆಕ್ಸ್ ಕಟ್ಟಿಸ್ತೀನಿ, ನಿಮ್ ಫೋಟೋ ಇನ್ನೊಂಚೂರು ದೊಡ್ಡದು ಮಾಡಿ.’

‘ಇವತ್ ಸಂಜೇನೇ ತರ್ತೀನಿ’ ಎಂದ ಕೆಂಪರಾಜು.

ಸಂಜೆ ಬರಲಿಲ್ಲ. ಬರುತ್ತಾನೆ ಎಂದು ಯಾರಿಗೆ ನಂಬಿಕೆಯಿತ್ತು? ಮರುದಿನ ಹಸಿರು ಸೀರೆ ಉಡಿಸಿ, ಎರಡು ಕೈಗೂ ಮೊಣಕೈವರೆಗೆ ಹಸಿರು ಬಳೆ ತೊಡಿಸಿ, ಆರತಿ ಎತ್ತಿ, ಮಡಿಲಕ್ಕಿ ಕಟ್ಟಿದರು. ಅರ್ಪಿತ ನಗುತ್ತಲೇ ಬಾಗಿಲ ಕಡೆ ನೋಡುತ್ತಿದ್ದಳು. ಊಟಕ್ಕೆ ಎಲೆ ಹಾಕಿದಾಗ ಕೆಂಪರಾಜು ಬಂದ. ಬಂದವನು ಕರೆಯದೆಯೇ ಎಲೆಯ ಮುಂದೆ ಕೂತ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡ, ಇನ್ನೊಂದು ಕೇಳಿ ಹಾಕಿಸಿಕೊಂಡ, ಕೈ ತೊಳೆದು, ತಾಂಬೂಲ ಜೇಬಿಗಿಳಿಸಿ, ಆಮೇಲೆ ಅದೇ ಜೇಬಿನಿಂದ ಪೆನ್‌ಡ್ರೈವ್ ತೆಗೆದ.

ನವೀನ ಅದನ್ನು ಕಸಿದುಕೊಂಡು ಓಡಿದ. ಅಂಗಡಿಯವನ ಮುಂದೆ ಅವನು ಬೆಣ್ಣೆಯಾಗದ್ದು ಅದೇ ಮೊದಲು.

‘ಕಾರು ಬಂದು ನಿಂತೈತೆ, ರಾಹುಕಾಲ ಬಂದ್ಬಿಡತ್ತೆ, ಏಳೇ ತಾಯಿ’ ಎಂದು ವರಲಕ್ಷ್ಮಮ್ಮ ಒಳಗೆ ಬಂದರೆ ಮಗಳು ಮಡಿಲಕ್ಕಿಯ ಸಮೇತ ಟೀವಿಯ ಮುಂದೆ ಕೂತಿದ್ದಾಳೆ. ಕೈಯಲ್ಲಿ ಕಂಟ್ರೋಲರು, ಬಳೆಗಳು ಝಲ್ ಝಲ್ ಎನ್ನುತ್ತಿವೆ. ‘ಲೋ ನವೀನ, ತಿರುಗ್ಸೋ! ಬಿಡ್ಬೇಡ ಕಣೋ!’

‘ಅಯ್ಯಯ್ಯೋ, ಗಂಡನ್ನ ಲೋ ಅಂತಾಳಲ್ಲಪ್ಪಾ’ ಎಂದು ವರಲಕ್ಷ್ಮಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. ಕೇಳುವವರು ಯಾರೂ ಇರಲಿಲ್ಲ.

ರಾಟೆ ತಿರುಗಿತು. ಬಾಗಿಲು ಕಿರ್ರೆಂದಿತು. ತೆರೆಯಿತು! ಇಬ್ಬರೂ ಉಸಿರು ಬಿಡದೆ ಮೆಟ್ಟಿಲು ಹತ್ತಿದರು. ನವೀನ ಪಂಜು ಹಿಡಿದ, ಅರ್ಪಿತ ದೀಪ ಹಚ್ಚಿದಳು. ಇಡೀ ಕೋಟೆ ಬೆಳಗಿತು. ನವೀನ ಮೆಲ್ಲಗೆ ಅವಳ ಕೈ ಹಿಡಿದುಕೊಂಡ, ಬಳೆ ಒಡೆಯದ ಹಾಗೆ.

‘ಬೇಗ ಬಾ’ ಎಂದ.

‘ಹೂಂ’ ಎಂದಳು.

ಕಾರು ಊರು ಬಿಡುವ ಮೊದಲೇ ಅವಳ ಫೋನು ಟಿಂಗೆಂದಿತು. ಗೇಮ್ ಲೋಕದ ಕೆಂಪರಾಜು ಅಣ್ಣ, ವಾಯ್ಸ್ ಮೆಸೇಜು. ಕ್ಷಮೆ ಕೇಳುತ್ತಾನೇನೋ ಎಂದುಕೊಂಡು ಕಿವಿಗೆ ಹಿಡಿದಳು.

‘ಅರ್ಪಿತಮ್ಮ, ಪ್ಯಾಚ್ ಬಂತಲ್ಲ, ಎಲ್ರಿಗೂ ಕೊಡ್ತಾ ಇದೀನಿ. ಜನ ಹೊಗಳ್ತಾವ್ರೆ. ಹಳೇ ಫ್ಲೆಕ್ಸ್ ಕಿತ್ತಾಕಿ ಅದೇ ಜಾಗಕ್ಕೆ ಹೊಸದೊಂದು ಮಾಡ್ಕೊಟ್ಬಿಡು. ನುಡಿದಂತೆ ನಡೆದ ಕೆಂಪರಾಜು ಅಂತ ಏನಾದ್ರೂ. ಕನ್ನಡಕ ಇಲ್ದಿರೋ ಫೋಟೋ ಕಳ್ಸಿದೀನಿ, ಅದನ್ನ ಚೆನ್ನಾಗಿ ದೊಡ್ಡದು ಮಾಡು. ಮ್ಯಾಟರ್ ನೀನೇ ನೋಡ್ಕೊ.’