ಯುರ್ಗಿಸನ ಸೊನ್ನೆಗಳು

ಯುರ್ಗಿಸನ ಶವಪೆಟ್ಟಿಗೆ ಗುಂಡಿಯ ತಳ ಮುಟ್ಟಿ ಹಗ್ಗಗಳು ಸಡಿಲವಾದವು. ಪಾದ್ರಿಗಳ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ; ಬೆನಾಸ್ ಮುದುಕ ಪಕ್ಕದಲ್ಲಿದ್ದ ಮೋತೇಯುಸನ ಕೋಟಿನ ತೋಳು ಎಳೆದ.

"ತಂದಿದ್ದೀಯೇನೋ?"

"ಏನನ್ನ?"

"ಆಟದ ಅಂಕಗಳ ಪುಸ್ತಕ."

"ಅವನ ಮಗಳು ಅನೇಲೆ ಹೇಳಿದ್ಲು, ತಂದಿದೀನಿ. ಸುಮ್ನಿರು, ಪಾದ್ರಿಗಳು ನೋಡ್ತಿದಾರೆ."

ಇಬ್ಬರೂ ಶಿಲುಬೆಯ ಗುರುತು ಮಾಡಿಕೊಂಡು ಒಂದೊಂದು ಹಿಡಿ ಮಣ್ಣು ಹಾಕಿದರು. ಪೆನ್ಸಿಲ್ವೇನಿಯಾದ ಜನವರಿ, ಹೆಪ್ಪುಗಟ್ಟಿದ ಮಣ್ಣು ಕಲ್ಲಿನಂತೆ ಸದ್ದು ಮಾಡಿತು. ಯುರ್ಗಿಸ್ ನಲವತ್ತು ವರ್ಷ ಕಲ್ಲಿದ್ದಲು ಗಣಿಗೆ ಇಳಿದು, ಸಂಜೆಯ ಹೊತ್ತಿಗೆ ಹತ್ತಿ ಬಂದವನು. ಇಳಿಯುವುದು ಅವನಿಗೆ ಹೊಸದಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಇಳಿಜಾರಿನ ದಾರಿಯಲ್ಲಿ ಬೆನಾಸ್ ಮತ್ತೆ ಶುರುಮಾಡಿದ.

"ಪುಟದಲ್ಲಿ ಏನಿದೆ ಅಂತ ಅನೇಲೆಗೆ ಗೊತ್ತಿಲ್ಲ ಕಣೋ. ಅಪ್ಪನ ಆಟಾನ ಊರೆದುರು ಓದಿಸ್ಬೇಕು ಅಂತ ಹಟ ಹಿಡಿದಿದಾಳೆ. ಶಾಲೇಲಿ ಇವಳನ್ನ, 'ನಿಮ್ಮಪ್ಪ ಬಲೆಯೊಳಗೆ ನಿಂತ್ಕೊಂಡು ಆಟ ನೋಡ್ದ' ಅಂತ ಆಡ್ಕೊಳ್ತಿದ್ರಂತೆ. ಅದು ಇನ್ನೂ ಹೊಟ್ಟೇಲಿದೆ ಅವಳಿಗೆ."

"ಅದಕ್ಕೆ ನಾನೇನ್ ಮಾಡ್ಲಿ?"

"ನನ್ನ ಅಂಕದಲ್ಲಿ ಅರ್ಧ ಅವನಿಗೆ ಸೇರಿಸಿ ಓದ್ಬಿಡು. ಯಾರಿಗೆ ಗೊತ್ತಾಗುತ್ತೆ?"

ಮೋತೇಯುಸ್ ನಡುದಾರಿಯಲ್ಲಿ ನಿಂತುಬಿಟ್ಟ. ಊರಿನ ಬಾಸ್ಕೆಟ್‌ಬಾಲ್ ತಂಡ ಇದ್ದಷ್ಟು ಕಾಲವೂ ಅಂಕ ಬರೆದವನು ಅವನು.

"ಮೂವತ್ತೆಂಟು ವರ್ಷ ಈ ಪುಟದ ಹೆಸರು ಹೇಳಿ ಪುಕ್ಕಟೆ ಬಿಯರ್ ಕುಡ್ದೆ. ಇವತ್ತು ಪುಟ ಕಹಿಯಾಯ್ತಾ? ಅವನ ಮೇಲಿನ ಮಣ್ಣು ಇನ್ನೂ ಕೂತಿಲ್ಲ, ಸುಳ್ಳು ಓದು ಅಂತೀಯಲ್ಲೋ ಪಾಪಿ!"

ಬೆನಾಸ್ ಮುಂದೆ ನಡೆದ.

*

ಸಾವಿರದ ಒಂಬೈನೂರ ಹದಿನೇಳರ ಚಳಿಗಾಲ. ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡುವುದು ಗಣಿಯ ಊರುಗಳಲ್ಲಿ ಆಗತಾನೇ ಬೇರುಬಿಟ್ಟಿತ್ತು. ಅಂಗಳದ ಸುತ್ತ ತಂತಿಯ ಬಲೆ ಕಟ್ಟುತ್ತಿದ್ದರು. ಚೆಂಡು ಹೊರಗೆ ಹೋಗುವಂತಿರಲಿಲ್ಲ, ಆಟಗಾರನೂ ಹೋಗುವಂತಿರಲಿಲ್ಲ. ಫೌಲ್ ಆದರೆ ಪೆಟ್ಟು ತಿಂದವನೇ ಒಂದು ಅಂಕದ ಫ್ರೀ ಥ್ರೋ ಎಸೆಯಬೇಕೆಂಬ ನಿಯಮವೂ ಆಗ ಇರಲಿಲ್ಲ. ಎಲ್ಲವನ್ನೂ ಎಸೆಯಲು ತಂಡಕ್ಕೊಬ್ಬ ಇರುತ್ತಿದ್ದ. ಇವರಲ್ಲಿ ಬೆನಾಸ್.

ಉಳಿದದ್ದು ಪೆಟ್ಟು ತಿನ್ನುವ ಕೆಲಸ. ಅದನ್ನು ಯುರ್ಗಿಸನಿಗೆ ಯಾರೂ ವಹಿಸಲಿಲ್ಲ, ತಾನಾಗಿ ಎತ್ತಿಕೊಂಡ. ಚೆಂಡನ್ನು ಹೊಟ್ಟೆಗವಚಿಕೊಂಡು, ಕಣಿವೆಯಾಚೆಯ ಐರಿಶರ ನಡುವೆ ಟಗರಿನಂತೆ ತಲೆ ತಗ್ಗಿಸಿ ನುಗ್ಗುತ್ತಿದ್ದ. ಅವರು ಅವನನ್ನು ತಂತಿಗೆ ಒಗೆಯುತ್ತಿದ್ದರು. ಸೀಟಿ ಮೊಳಗುತ್ತಿತ್ತು. ಬೆನಾಸ್ ಬೆವರೊರೆಸಿಕೊಂಡು ಗೆರೆಗೆ ಬಂದು, ಎರಡೂ ಕೈಯಿಂದ ಚೆಂಡನ್ನು ತೂಗಿ ಎಸೆಯುತ್ತಿದ್ದ.

ಮಧ್ಯದ ಬಿಡುವಿನಲ್ಲಿ ಬೆನಾಸ್, "ಸಾಕು ಕಣೋ, ಸತ್ತು ಹೋಗ್ತೀಯ," ಎಂದ.

ಯುರ್ಗಿಸ್ ಬಾಯಿಯ ರಕ್ತ ಉಗಿದು, "ಮೂರು ತಪ್ಪಿಸಿದ್ದೀಯ ನೀನು. ಒಂದು ತಪ್ಪಿದ್ರೆ ನಾನು ಇನ್ನೊಂದ್ಸಲ ಬೀಳ್ಬೇಕು. ಸರಿಯಾಗಿ ಎಸಿ," ಎಂದ.

ಇಪ್ಪತ್ನಾಲ್ಕು, ಇಪ್ಪತ್ತಮೂರು. ಒಂದೇ ಅಂಕದಲ್ಲಿ ಗೆದ್ದರು. ಜನ ಬೆನಾಸನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿದರು. ಮರುದಿನ ಬೆಳಿಗ್ಗೆ ಐದಕ್ಕೆ ಯುರ್ಗಿಸ್ ಗಣಿಯ ಬಾಗಿಲಲ್ಲಿದ್ದ.

*

ನೆಲಮಾಳಿಗೆಯಲ್ಲಿ ಎಲೆಕೋಸಿನ ಸುರುಳಿಗಳು ಹಬೆಯಾಡುತ್ತಿದ್ದವು. ಜೇನು ಹಾಕಿ ಕಾಯಿಸಿದ ಮದ್ಯ ಕೈಯಿಂದ ಕೈಗೆ ಹೋಗುತ್ತಿತ್ತು. ಗೋಡೆಯ ಬದಿಯ ಮೇಜಿನಲ್ಲಿ, ಕಣಿವೆಯಾಚೆಯಿಂದ ಬಸ್ಸಿನಲ್ಲಿ ಬಂದಿದ್ದ ಐರಿಶ್ ಮುದುಕನೊಬ್ಬ ಒಂಟಿಯಾಗಿ ಕೂತಿದ್ದ. ಯಾರೂ ಅವನನ್ನು ಯಾರೆಂದು ಕೇಳಿರಲಿಲ್ಲ.

"ಮೋತೇಯುಸ್ ಮಾಮ, ಎದ್ದು ಓದಿ," ಎಂದಳು ಅನೇಲೆ. "ಗಟ್ಟಿಯಾಗಿ ಓದಿ, ಹಿಂದಿನೋರಿಗೂ ಕೇಳ್ಲಿ."

ಮೋತೇಯುಸ್ ಕನ್ನಡಕ ಏರಿಸಿದ. ಪಾದ್ರಿಗಳ ಮುಂದೆ ಸುವಾರ್ತೆ ಓದುವವನ ದನಿ ಅದು.

"ಬೆನಾಸ್. ಆಟದಲ್ಲಿ ಹಾಕಿದ ಬುಟ್ಟಿ ಒಂದು. ಫ್ರೀ ಥ್ರೋ ಹದಿನಾಲ್ಕು. ಅಂಕ ಹದಿನಾರು." ಉಳಿದ ಮೂವರನ್ನೂ ಓದಿದ. ಆಮೇಲೆ ಒಂದು ಗುಟುಕು ನೀರು ಕುಡಿದ. "ಯುರ್ಗಿಸ್. ಬುಟ್ಟಿ ಸೊನ್ನೆ. ಫ್ರೀ ಥ್ರೋ ಸೊನ್ನೆ. ಅಂಕ ಸೊನ್ನೆ."

"ಮೂರು ಸೊನ್ನೆನಾ? ಪೋಣಿಸಿ ಸರ ಮಾಡ್ಕೋಬೋದಿತ್ತು," ಎಂದು ಹಿಂದೆ ಯಾರೋ ಒಬ್ಬ ಹೇಳಿದ. ಇಬ್ಬರು ನಕ್ಕರು.

ಅನೇಲೆ ಕೈಯಲ್ಲಿದ್ದ ರೊಟ್ಟಿಯ ತಟ್ಟೆಯನ್ನು ಕೆಳಗಿಡಲಿಲ್ಲ. "ಅಷ್ಟೇನಾ ಮಾಮ?"

"ಪುಟದಲ್ಲಿ ಅಷ್ಟೇ ತಾಯಿ."

ಬೆನಾಸ್ ಮೇಜು ಹಿಡಿದುಕೊಂಡು ಎದ್ದ. "ಎದುರು ಪುಟ ಓದು."

"ಅದು ಅವರ ತಂಡದ್ದು."

"ಗೊತ್ತು, ಓದೋ. ಫೌಲ್ ಓದು."

"ಡೋಲನ್, ಏಳು."

"ಏಳರಲ್ಲಿ ಐದು ಯುರ್ಗಿಸನಿಗೆ ಬಿದ್ದದ್ದು," ಎಂದ ಬೆನಾಸ್. "ಎರಡು ಪಕ್ಕೆಗೆ, ಎರಡು ಮೊಣಕಾಲಿಗೆ. ಒಂದು ಕಿವಿಗೆ. ಮುಂದೆ."

"ಹ್ಯಾನ್ಲನ್, ಆರು."

"ಆರೂ ಅವನಿಗೇ. ಒಂದರಲ್ಲಿ ಹಲ್ಲು ಹೋಯ್ತು. ಹುಡುಕ್ತಾ ಕೂರಲಿಲ್ಲ, ಎದ್ದ."

"ಗಾಹನ್, ನಾಲ್ಕು."

"ಅದ್ರಲ್ಲಿ ಮೂರು ಅವನಿಗೆ. ಕೊನೇದ್ರಲ್ಲಿ ತಂತಿ ಬೆನ್ನು ಸೀಳ್ತು. ಎದ್ದು ಬಂದು ನನ್ನ ಭುಜ ತಟ್ಟಿ, 'ಎಸಿ' ಅಂದ. ಎಸೆದೆ. ಗೆದ್ದ ಅಂಕ ಅದೇ." ಬೆನಾಸ್ ಅನೇಲೆಯ ಕಡೆ ತಿರುಗಿದ. "ಆ ಹದಿನಾಲ್ಕರಲ್ಲಿ ನಾನು ದುಡಿದದ್ದು ಒಂದೂ ಇಲ್ಲ ಮಗಳೇ. ಅವನು ಬಿದ್ದ, ನಾನು ಎಸೆದೆ. ಇಷ್ಟು ವರ್ಷ ಹೇಳ್ಬೋದಿತ್ತು. ಹೇಳ್ಲಿಲ್ಲ."

ನಕ್ಕವರು ತಟ್ಟೆ ನೋಡಿಕೊಂಡರು. ಗೋಡೆಯ ಬದಿಯಲ್ಲಿ ಬೆಂಚು ಕಿರುಗುಟ್ಟಿತು. ಐರಿಶ್ ಮುದುಕ ಟೋಪಿಯನ್ನು ಎದೆಗೊತ್ತಿಕೊಂಡು ಎದ್ದಿದ್ದ.

"ಪುಸ್ತಕದಲ್ಲಿ ತಪ್ಪಿದೆ," ಎಂದ.

"ಯಾರಪ್ಪಾ ನೀನು?" ಮೋತೇಯುಸನಿಗೆ ಸಿಟ್ಟು ಬಂತು. "ನನ್ನ ಪುಸ್ತಕದಲ್ಲಿ ತಪ್ಪಾ?"

"ಡೋಲನ್. ನಂದು ಏಳಲ್ಲ, ಎಂಟು. ಅಂಪೈರ್ ಆ ಕಡೆ ತಿರುಗಿದ್ದಾಗ ಅವನ ಹೊಟ್ಟೆಗೆ ಮೊಣಕೈ ಹಾಕ್ದೆ. ಅವನು ಬೀಳಲೂ ಇಲ್ಲ, ದೂರೂ ಹೇಳಲಿಲ್ಲ. ನನ್ನ ಮುಖ ಮಾತ್ರ ನೋಡ್ದ. ಪಾದ್ರಿಗಳ ಹತ್ರ ಅವತ್ತೇ ಹೇಳ್ಕೊಂಡೆ. ಅಂಕ ಬರೆಯೋನ ಹತ್ರ ಹೇಳ್ಕೊಂಡಿರಲಿಲ್ಲ."

ಎಲ್ಲರೂ ಮೋತೇಯುಸನನ್ನು ನೋಡಿದರು.  ಅವನು ಒಳಜೇಬಿನಿಂದ ಒಂದು ತುಂಡು ಪೆನ್ಸಿಲ್ ತೆಗೆದು ತುದಿಯನ್ನು ನಾಲಿಗೆಗೆ ಮುಟ್ಟಿಸಿದ.

"ಮೊದಲರ್ಧವೋ, ಎರಡನೇದೋ?"

"ಎರಡನೇದು."

ಅನೇಲೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಹಳೆಯ ಪುಟ ಮತ್ತೆಮತ್ತೆ ಮಡಚಿಕೊಳ್ಳುತ್ತಿತ್ತು; ಅವಳು ಎರಡೂ ಅಂಗೈಗಳಿಂದ ಅದನ್ನು ಅದುಮಿ ಹಿಡಿದುಕೊಂಡಳು. ಏಳು ಗೆರೆಗಳ ಪಕ್ಕದಲ್ಲಿ ಮೋತೇಯುಸ್ ಇನ್ನೊಂದು ಗೆರೆ ಎಳೆದ.